ಹಾಳೆಯ ಹಿಂಬದಿ ನೋಡುವ ನಾಗಲಕ್ಷ್ಮಿ

ಬೆಳಗಿನ ಆರು ಗಂಟೆ. ಕೆಲಮಂಗಲದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ನಾಗಲಕ್ಷ್ಮಿ ಹಾಳೆ ತಿರುವುತ್ತಿದ್ದಾರೆ. ಓದುವುದಿಲ್ಲ. ಒಂದೊಂದನ್ನೂ ಮಗುಚಿ ಹಿಂಬದಿ ನೋಡುತ್ತಾರೆ, ಮೂಲೆಯಲ್ಲಿ ಪೆನ್ಸಿಲಿನಿಂದ ಗೀಟು ಎಳೆಯುತ್ತಾರೆ. ಪಕ್ಕದಲ್ಲಿ ಎರಡು ಚೀಲ. ಒಂದರಲ್ಲಿ ಉಪನ್ಯಾಸಕರ ಕೈಬರಹದ ನೋಟ್ಸು, ಇನ್ನೊಂದರಲ್ಲಿ ಟವೆಲು ಸುತ್ತಿದ, ಪಾಠಕ್ಕೆ ತೋರಿಸುವ ಪ್ಲಾಸ್ಟಿಕ್ ಹೃದಯ. ಮೂರು ಕಾಲೇಜುಗಳಿಗೆ ಸೇರಿ ಇರುವುದು ಅದೊಂದೇ. ಇವತ್ತು ಅವಲಪಲ್ಲಿಯ ಸರದಿ.

ನನ್ನ ನಮಸ್ಕಾರಕ್ಕೆ ಅವರು ಮೇಲಿಂದ ಕೆಳಗಿನವರೆಗೆ ನೋಡುತ್ತಾರೆ. “ಯಾವ ಕಾಲೇಜೋರು ಕಳ್ಸಿದ್ದು ಸಾರ್ ನಿಮ್ಮನ್ನ?”

“ಯಾರೂ ಅಲ್ಲ, ಪತ್ರಿಕೆಯಿಂದ ಬಂದಿದ್ದೀನಿ.”

“ಎಲ್ರೂ ಅಂಗೇ ಏಳ್ತಾರೆ.” ನನ್ನ ಗುರುತಿನ ಚೀಟಿ ಇಸಿದುಕೊಂಡು ಓದುತ್ತಾರೆ. ಟಿಪ್ಪಣಿ ಪುಸ್ತಕವನ್ನೂ ಹಿಂದೆಮುಂದೆ ನೋಡಿಯೇ ವಾಪಸು ಕೊಡುತ್ತಾರೆ.

ಅನುಮಾನ ಇಬ್ಬರಿಗೂ ಸಮ ಅನ್ನಿ. ಇಂಥವರು ಎಲೆಮರೆಯ ಕಾಯಿ, ಬರೆಯಿರಿ ಎಂದು ಯಾರಾದರೂ ಹೇಳಿದರೆ ನನ್ನ ತಲೆಯಲ್ಲಿ ಮೊದಲು ಏಳುವುದೇ, ಇದರಲ್ಲಿ ಇವರಿಗೇನು ಗಿಟ್ಟುತ್ತದೆ ಎಂಬ ಪ್ರಶ್ನೆ. ಹದಿನೈದು ವರ್ಷಗಳ ಕೆಲಸ ಕಲಿಸಿದ ಕೆಟ್ಟ ಚಾಳಿ. ನಾಗಲಕ್ಷ್ಮಿಯವರು ಕೆಲಮಂಗಲದ ಒಂದು ಸಣ್ಣ ಖಾಸಗಿ ಕಾಲೇಜಿನ ಗ್ರಂಥಾಲಯದ ಅಟೆಂಡರ್. ವಯಸ್ಸು ನಲವತ್ತಾರು. ವಾರಕ್ಕೆ ಮೂರು ದಿನ, ಕಾಲೇಜು ತೆರೆಯುವ ಮೊದಲು, ಅವಲಪಲ್ಲಿ ಮತ್ತು ಶೂಳಗಿರಿಯ ಇಂಥವೇ ಎರಡು ಕಾಲೇಜುಗಳಿಗೆ, ಒಂದರ ನೋಟ್ಸು ಉಳಿದೆರಡಕ್ಕೂ ಸಿಗಲೆಂದು, ಚೀಲ ಹೊರುತ್ತಾರೆ. ಇದಕ್ಕೆ ಸಂಬಳವಿಲ್ಲ. ಟಿಕೆಟ್ ದುಡ್ಡು ಯಾರು ಕೊಡುತ್ತಾರೆ ಎಂದು ಕೇಳಿದರೆ ನಗು ಬರುತ್ತದೆ ಅವರಿಗೆ. “ಟೌನ್ ಬಸ್ನಾಗೆ ಹೆಂಗಸ್ರಿಗೆ ಟಿಕೆಟ್ ಎಲ್ಲೈತೆ ಸಾರ್?”

ಫೋನಿನಲ್ಲಿ ಕಳಿಸಿದರೆ ಆಗದೇ? ಆಗದು. ಇಲ್ಲಿನ ಉಪನ್ಯಾಸಕರಿಗೆ ಫೋನೆಂದರೆ ದಿಗಿಲು. ಒಂದು ಸಲ ಕಳಿಸಿದ ನೋಟ್ಸು ವಾರದೊಳಗೆ ಯಾವುದೋ ಟ್ಯೂಷನ್ ಸೆಂಟರಿನಲ್ಲಿ ಬೇರೆಯವರ ಹೆಸರಲ್ಲಿ ಮಾರಾಟಕ್ಕಿತ್ತಂತೆ. ಅದಕ್ಕೇ ಕಾಗದ, ಎಣಿಕೆ, ಸಹಿ. ಹದಿನೈದು ದಿನಕ್ಕೆ ವಾಪಸು. ನಾಲ್ಕು ವರ್ಷಗಳಲ್ಲಿ ನಾಗಲಕ್ಷ್ಮಿಯವರ ಪುಸ್ತಕದಲ್ಲಿ ದಾಖಲಾದ ಹಾಳೆಗಳು ಎಂಟು ಸಾವಿರದ ಮೇಲೆ. ಕಳೆದದ್ದು ಎರಡು, ಒಡೆದದ್ದು ಒಂದು ಗಾಜಿನ ಸ್ಲೈಡು.

ಈಗ ಆ ಚೀಲಕ್ಕೇ ಕುತ್ತು ಬಂದಿದೆ. ಮೂರೂ ಕಾಲೇಜುಗಳು ಸೇರಿ ನಡೆಸುವ ರಸಾಯನಶಾಸ್ತ್ರದ ಮಾದರಿ ಪರೀಕ್ಷೆಯ ಪ್ರಶ್ನೆಪತ್ರಿಕೆ, ಪರೀಕ್ಷೆಗೆ ಮೂರು ದಿನ ಮೊದಲೇ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಪರೀಕ್ಷೆ ರದ್ದು. ಸೋರಿದ್ದು ಚೀಲದಿಂದಲೇ, ಮಾರಿದ್ದು ಚೀಲ ಹೊರುವವಳೇ ಎಂದು ಮಾತಾಯಿತು. ನಾಳೆ ಶುಕ್ರವಾರ ಮೂವರು ಪ್ರಿನ್ಸಿಪಾಲರು ಕೂತು ತೀರ್ಮಾನಿಸುತ್ತಾರೆ, ಚೀಲ ಇರಬೇಕೋ ಬೇಡವೋ ಎಂದು. ನಿಜ ಹೇಳುತ್ತೇನೆ, ನಾನೂ ಇವರೇ ಮಾರಿರಬೇಕು ಅಂದುಕೊಂಡೇ ಬಸ್ಸು ಹತ್ತಿದ್ದು.

ಅವಲಪಲ್ಲಿಯಲ್ಲಿ ಚೀಲಕ್ಕಾಗಿ ಕಾಯುತ್ತಿರುವವರು ಉಪನ್ಯಾಸಕಿ ಶಶಿರೇಖಾ. ಹೃದಯದ ಕವಾಟ ತೆರೆದು ಮುಚ್ಚಿ ನೋಡುತ್ತಾರೆ, ಹಾಳೆಗಳನ್ನು ಎರಡು ಸಲ ಎಣಿಸುತ್ತಾರೆ. ನಾಗಲಕ್ಷ್ಮಿ ನೀರು ಕುಡಿಯಲು ಹೋದಾಗ ನನ್ನತ್ತ ಬಾಗುತ್ತಾರೆ. “ಪುಕ್ಕಟೆ ಯಾರು ಹೊರ್ತಾರೆ ಸಾರ್ ಈ ಕಾಲದಲ್ಲಿ? ಏನೋ ಇರುತ್ತೆ.” ನಾನು ತಲೆಯಾಡಿಸುತ್ತೇನೆ.

ಶೂಳಗಿರಿಯ ಬಸ್ಸಿನಲ್ಲಿ ನೇರವಾಗಿಯೇ ಕೇಳಿಬಿಡುತ್ತೇನೆ. “ನೀವು ಮಾರಿದ್ರಾ?”

ಅವರಿಗೆ ಸಿಟ್ಟು ಬರುವುದಿಲ್ಲ. ಬದಲು ಕುಪ್ಪಸದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆಯುತ್ತಾರೆ. ಒಳಗೊಂದು ಹಾಳೆ. ಒಂದು ಬದಿ ಕೈಬರಹದ ನೋಟ್ಸು. ಇನ್ನೊಂದು ಬದಿ, ಶಾಯಿ ಹರಡಿ ಕೆಟ್ಟ ಮುದ್ರಣದಲ್ಲಿ, ಅದೇ ಪ್ರಶ್ನೆಪತ್ರಿಕೆ!

ಸಣ್ಣ ಕಾಲೇಜುಗಳಲ್ಲಿ ಬಿಳಿ ಕಾಗದ ಲೆಕ್ಕ ಹಾಕಿ ಕೊಡುತ್ತಾರೆ. ಹಾಗಾಗಿ ಕೆಟ್ಟ ಮುದ್ರಣದ ಹಾಳೆಗಳ ಬೆನ್ನ ಮೇಲೆ ನೋಟ್ಸು ಬರೆಯುವುದು ಎಲ್ಲರಿಗೂ ರೂಢಿ. ಪ್ರಶ್ನೆಪತ್ರಿಕೆ ತಯಾರಿಸಿದ ಉಪನ್ಯಾಸಕರೇ ಮರೆತು ಅದರ ಬೆನ್ನ ಮೇಲೆ ಬರೆದಿದ್ದಾರೆ. ಅವಲಪಲ್ಲಿಯಲ್ಲಿ ಆ ಕಟ್ಟನ್ನು ಜೆರಾಕ್ಸಿಗೆ ಕೊಟ್ಟಿದ್ದಾರೆ, ಅಂಗಡಿಯವನು ಎರಡೂ ಬದಿ ಒತ್ತಿದ್ದಾನೆ, ಪ್ರತಿಗಳು ವಿದ್ಯಾರ್ಥಿಗಳ ಕೈಸೇರಿವೆ. ಅಷ್ಟೇ ಸಂಗತಿ. ಕಟ್ಟು ವಾಪಸು ಬಂದಾಗ ಇದು ನಾಗಲಕ್ಷ್ಮಿಯವರ ಕಣ್ಣಿಗೆ ಬಿತ್ತು. ಒಂದೊಂದು ಹಾಳೆಯ ಹಿಂಬದಿಯನ್ನೂ ಅವರು ನೋಡುವುದು ಅಂದಿನಿಂದ.

“ಇದನ್ನ ಪ್ರಿನ್ಸಿಪಾಲರ ಮುಂದೆ ಇಟ್ರೆ ನೀವು ಪಾರಾಗ್ತೀರಲ್ಲ?”

“ಬರ್ದೋರು ಗೆಸ್ಟ್ ಲೆಕ್ಚರರು ಸಾರ್. ಜೂನ್‌ನಾಗೆ ತಗಂತಾರೋ ಬುಡ್ತಾರೋ ಅಂತ ಈಗ್ಲೇ ಜೀವ ಕೈಯಾಗಿಟ್ಕಂಡವ್ರೆ. ಮೂರೂ ಸ್ಟಾಫ್ ರೂಮ್ನಾಗೆ ಏಳಿವ್ನಿ, ಒಂದು ಹಾಳೆ ನನ್ನತ್ರ ಐತೆ, ಯಾರ್ದೋ ಅವ್ರು ಸೈನ್ ಆಕಿ ತಗಂಡೋಗ್ಲಿ ಅಂತ. ಹನ್ನೊಂದು ದಿನ ಆಯ್ತು. ಯಾರೂ ಬರ್ಲಿಲ್ಲ.”

ನಿಮಗೇಕೆ ಇಷ್ಟು ಉಸಾಬರಿ ಎಂದದ್ದಕ್ಕೆ ತಮ್ಮ ಓದಿನ ಕಥೆ ಹೇಳುತ್ತಾರೆ. ಇವರ ತವರು ಸಾನಮಾವು ಕಾಡಿನ ಅಂಚಿನ ಹಳ್ಳಿ. ಆನೆ ಇಳಿದ ದಿನ ಬಸ್ಸಿಲ್ಲ, ಬಸ್ಸಿಲ್ಲದ ದಿನ ಕಾಲೇಜಿಲ್ಲ. ಹಾಗೂ ಹೀಗೂ ಬಿ.ಎಸ್ಸಿ. ಮೊದಲ ವರ್ಷ ಮುಗಿಸಿ ರಸಾಯನಶಾಸ್ತ್ರದಲ್ಲಿ ಫೇಲಾದರು, ಅಲ್ಲಿಗೇ ಓದು ನಿಂತಿತು. “ಪುಸ್ತಕ ಇತ್ತು ಸಾರ್. ಒಂದೇ ಇದ್ದಿದ್ದು. ಕದ್ಕಂಡು ಹೋಗ್ಬುಡ್ತೀವಿ ಅಂತ ಬೀರೂನಾಗಿಟ್ಟು ಬೀಗ ಆಕ್ಬುಟ್ಟಿದ್ರು. ಅದನ್ನ ನೆನುಸ್ಕಂಡ್ರೆ ಇವತ್ತಿಗೂ ಹೊಟ್ಟೆ ಉರೀತದೆ.”

ಶುಕ್ರವಾರ ಬೆಳಿಗ್ಗೆ ಅದೇ ಕಲ್ಲುಬೆಂಚು. ಆರೂಕಾಲಿಗೆ ಬೈಕೊಂದು ಬಂದು ನಿಲ್ಲುತ್ತದೆ. ಇಳಿದವರು ಕೆಲಮಂಗಲದ ಕಾಲೇಜಿನ ಅತಿಥಿ ಉಪನ್ಯಾಸಕ ಅನಿರುದ್ಧ. ರಾತ್ರಿ ನಿದ್ದೆ ಮಾಡಿದ ಮುಖವಲ್ಲ.

“ಅಕ್ಕಾ, ಆ ಹಾಳೆ ಕೊಡಿ.”

“ಕೊಡ್ತೀನಿ ಸಾರ್. ಇಲ್ಲಿ ಸೈನ್ ಆಕಿ.”

“ಸೈನ್ ಯಾಕಕ್ಕಾ? ಹರಿದು ಹಾಕಿದ್ರೆ ಮುಗೀತಲ್ಲ.”

“ನಿಮ್ಗೆ ಮುಗೀತದೆ. ಹನ್ನೆರಡು ದಿನದಿಂದ ಕಳ್ಳಿ ಅನ್ನಿಸ್ಕಂಡು ಓಡಾಡ್ತಿರೋಳು ನಾನು.”

“ನನ್ನ ಕೆಲಸ ಹೋದ್ರೆ?”

ನಾಗಲಕ್ಷ್ಮಿ ಪುಸ್ತಕ ತೆರೆದು, ಮೇಲೆ ಪೆನ್ನು ಇಟ್ಟು ಅವರತ್ತ ಸರಿಸುತ್ತಾರೆ. ಈತ ಹಾಳೆ ಕಿತ್ತುಕೊಂಡು ಓಡಿಹೋಗುತ್ತಾನೆ ಎಂದೇ ನನಗೆ ಅನ್ನಿಸುತ್ತದೆ. ಬಸ್ಸು ಬರುತ್ತದೆ, ಹೋಗುತ್ತದೆ, ನಾಗಲಕ್ಷ್ಮಿ ಹತ್ತುವುದಿಲ್ಲ. ಕೊನೆಗೆ ಅನಿರುದ್ಧ ಬೆಂಚಿನ ತುದಿಯಲ್ಲಿ ಕುಕ್ಕರಿಸಿ ಬರೆಯುತ್ತಾರೆ: ‘ಹಾಳೆ ಒಂದು. ಎರಡೂ ಬದಿ ನನ್ನದೇ.’ ಸಹಿ, ತಾರೀಖು.

ಹನ್ನೊಂದು ಗಂಟೆಯ ಸಭೆ ಅರ್ಧ ತಾಸಿನಲ್ಲಿ ಮುಗಿಯುತ್ತದೆ. ಅನಿರುದ್ಧರೇ ಪುಸ್ತಕವನ್ನೂ ಹಾಳೆಯನ್ನೂ ಮೇಜಿನ ಮೇಲಿಡುತ್ತಾರೆ. ಅವರಿಗೆ ಲಿಖಿತ ಎಚ್ಚರಿಕೆ. ಜೂನಿನ ಮಾತು ಜೂನಿಗೆ. ಇನ್ನು ಮುಂದೆ ಚೀಲಕ್ಕೆ ಹಾಕುವ ಹಾಳೆಯ ಹಿಂಬದಿ ಖಾಲಿ ಇರಬೇಕು. ಚೀಲ ಮುಂದುವರಿಯಲಿ ಎಂದು ಮೂವರೂ ಬರೆದುಕೊಡುತ್ತಾರೆ. ನಾಗಲಕ್ಷ್ಮಿಯವರ ಕ್ಷಮೆ ಮಾತ್ರ ಯಾರೂ ಕೇಳುವುದಿಲ್ಲ.

ಬಾಗಿಲ ಬಳಿ ನಿಂತಿದ್ದ ಅವರನ್ನು ಕೆಲಮಂಗಲದ ಪ್ರಿನ್ಸಿಪಾಲ್ ನಾರಾಯಣಸ್ವಾಮಿ ಕರೆಯುತ್ತಾರೆ. “ನಿಮ್ಮದೇನಾದ್ರೂ ಬೇಡಿಕೆ ಇದೆಯಾ ನಾಗಲಕ್ಷ್ಮಿ? ಹೊಸ ಚೀಲ, ಇನ್ನೇನಾದ್ರೂ?”

“ಚೀಲ ಗಟ್ಟಿಯಾಗೈತೆ ಸಾರ್.” ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತಾರೆ, ಗೋಡೆಗೊರಗಿ ಬರೆದುಕೊಳ್ಳುತ್ತಿರುವ ನನ್ನ ಮುಖವನ್ನೂ. “ಇನ್ಮ್ಯಾಕೆ ಏನಾರ ಎಚ್ಚುಕಮ್ಮಿ ಆದ್ರೆ ಮೊದ್ಲು ನನ್ನ ಕರ್ದು ಕೇಳಿ. ಅನ್ಮಾನ ಆಮ್ಯಾಕೆ ಪಡಿ.”