ಹಲಸಿನ ನೆರಳಿನ ಕೆಂಪೆಲೆ

ಹಂಗಳದ ಗಂಗಾಂಬಿಕೆಗೆ ಹೊಲದಲ್ಲಿ ಚೆಂಡುಹೂ, ಅರಿಸಿನ ಬೆಳೆದು ಗೊತ್ತು. ಹಿತ್ತಿಲ ಹಲಸಿನ ಮರದಡಿ ಮಾತ್ರ ಏನು ನೆಟ್ಟರೂ ಒಂದು ಮೊಗ್ಗು ಬಿಡಲಿಲ್ಲ. ಕಡೆಗೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಕೇರಳದ ಗಿಡದವನೊಬ್ಬ ಅಂಗೈಯಗಲದ ಕೆಂಪೆಲೆಯ ಗಿಡ ತೋರಿಸಿ, "ನೆರಳಲ್ಲೇ ಇಡಿ ಚೇಚಿ, ವರ್ಷಾನುಗಟ್ಟಲೆ ಇರುತ್ತೆ" ಎಂದ. ಕೈತುಂಬ ಕೊಂಡು ತಂದಳು.

ಮಳೆಗಾಲವೆಲ್ಲ ಆ ಕತ್ತಲ ಮೂಲೆ ಹಬ್ಬದ ಮನೆಯ ಹಾಗಿತ್ತು. ಹಸಿರು ಅಂಚು, ನಡುವೆ ಕುಂಕುಮದ ಕೆಂಪು. "ಹೂವೇ ಬುಡ್ದಿರೋ ಗಿಡ ಪೂಜೆಗಾ, ಊಟಕ್ಕಾ, ಯಾತಕ್ಕಮ್ಮಿ?" ಎಂದು ಗೊಣಗುತ್ತಿದ್ದ ಅತ್ತೆ ಗುರುಮಲ್ಲಮ್ಮ, ಊಟವಾದ ಮೇಲೆ ಎಲೆಅಡಿಕೆ ಹಿಡಿದು ಹೋಗಿ ಕೂರುತ್ತಿದ್ದದ್ದು ಅಲ್ಲಿಗೇ. ಗಂಗಾಂಬಿಕೆಗಂತೂ ಇಡೀ ಮನೆಯಲ್ಲಿ ತನ್ನದು ಅಂತ ಇದ್ದದ್ದು ಅದೊಂದೇ ಜಾಗ.

ಚಳಿ ಬಂದದ್ದೇ ಎಲೆಗಳು ಒಂದೊಂದಾಗಿ ಮಲಗಿದವು. ನೀರು ಜಾಸ್ತಿಯಾಯಿತೇನೋ ಎಂದು ನಿಲ್ಲಿಸಿದಳು. ಕಡಿಮೆಯಾಯಿತೇನೋ ಎಂದು ಸುರಿದಳು. ಯಾರದಾದರೂ ಕಣ್ಣು ಬಿತ್ತೇ? ಗಿಡದವನು ಟೋಪಿ ಹಾಕಿದನೇ? ತಲೆಬುಡ ತಿಳಿಯಲಿಲ್ಲ. ಬರೀ ಮಣ್ಣು ಉಳಿಯಿತು.

ಗಂಡ ನೀಲಕಂಠಸ್ವಾಮಿ ಬೈಕ್ ನಿಲ್ಲಿಸಲು ಆ ಜಾಗದ ಮೇಲೆ ಕಣ್ಣಿಟ್ಟು ಬಹಳ ದಿನವಾಗಿತ್ತು. "ಸತ್ತೋಗದೆ ಕಣಮ್ಮಿ. ಸಿಮೆಂಟ್ ಆಕುಸ್ಬುಡ್ಲಾ?"

"ಆಕ್ಸಿ" ಅಂದುಬಿಟ್ಟಳು. ಅಗೆದ ಮಣ್ಣು ತಿಪ್ಪೆಗೆ ಹೋಯಿತು. ತಿಪ್ಪೆಯ ಗೊಬ್ಬರ ಅರಿಸಿನದ ಹೊಲಕ್ಕೆ.

ಮುಂಗಾರು ಬಿದ್ದು ಅರಿಸಿನ ಮೊಳೆತಿತ್ತು. ಕಳೆ ಕೀಳುತ್ತಿದ್ದ ಗಂಗಾಂಬಿಕೆಯ ಕೈ ತಟ್ಟನೆ ನಿಂತಿತು. ಸಾಲಿನ ನಡುವೆ ಕೆಂಪೆಲೆ! ಕೆದಕಿದರೆ ಬುಡದಲ್ಲಿ ಗೆಡ್ಡೆ. ಪ್ರತಿ ವರ್ಷ ಅರಿಸಿನದ ಎಲೆ ಒಣಗುವುದನ್ನೇ ಕಾದಿದ್ದು ಗೆಡ್ಡೆ ಅಗೆಯುವವಳು ತಾನು. ಈ ಗಿಡದ ಬುಡ ಒಮ್ಮೆ ಕೆದಕಿ ನೋಡಬೇಕೆಂದು ಯಾಕೆ ತೋಚಲಿಲ್ಲ? ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನೆರಳಿನ ಜಾಗಕ್ಕೆ ತಾನೇ ಒಪ್ಪಿ ಸಿಮೆಂಟ್ ಹಾಕಿಸಿದ್ದಾಗಿದೆ. ಇಲ್ಲಿ ನೆತ್ತಿ ಸುಡುವ ಬಿಸಿಲು. ಎಲೆಯ ಅಂಚು ಆಗಲೇ ಕಂದಿತ್ತು.

ಪಕ್ಕದ ಸಾಲಿನಿಂದ ನೀಲಕಂಠಸ್ವಾಮಿ ಬಂದು ಬಗ್ಗಿ ನೋಡಿದ. "ಸತ್ತೋಗಿತ್ತಲ್ವಮ್ಮಿ ಇದು?"

"ನೀವೇ ಅಂದ್ರಿ."

"ನೀನೂ ಊ ಅಂದೆ."

ಅವನು ಸುತ್ತ ಕಡ್ಡಿ ಊರಿ, ಹೆಗಲ ಟವೆಲ್ ತೆಗೆದು ಗಿಡದ ಮೇಲೆ ಚಪ್ಪರ ಮಾಡಿದ. ಗಂಗಾಂಬಿಕೆಗೆ ಆಗ ನೆನಪಾದದ್ದು ಬೆಳಗಿನಿಂದ ತಾನು ಕಿತ್ತೆಸೆದ ಕಳೆ. ಓಡಿಹೋಗಿ ಬದುವಿನ ಮೇಲಿನ ಗುಡ್ಡೆಯ ಮುಂದೆ ಕುಕ್ಕರಿಸಿದಳು. ಎಲೆ ಬಿಚ್ಚದ ಸುರುಳಿ ಮೊಳಕೆಗಳು ಬಿಸಿಲಿಗೆ ಬಾಡಿ ಎಲ್ಲವೂ ಒಂದೇ ಥರ ಕಂಡವು. ಯಾವುದು ಕಳೆ, ಯಾವುದು ತನ್ನ ಗಿಡ? ಎಷ್ಟು ತಿರುವಿ ನೋಡಿದರೂ ತಿಳಿಯದೆ, ಸೆರಗೊಡ್ಡಿ ಗುಡ್ಡೆಯನ್ನೆಲ್ಲ ಬಾಚಿ ತುಂಬಿಕೊಂಡಳು.