ಮೊದಲು ನೀವು ಸೈನ್ ಹಾಕಿ

ಮೂರು ವರ್ಷಗಳ ಹಿಂದೆ ನಾನು ಕುವೈತಿನ ಒಂದು ವಿಶ್ವವಿದ್ಯಾಲಯದ ಆಧುನಿಕ ಭಾಷೆಗಳ ವಿಭಾಗದಲ್ಲಿ ಸಂಶೋಧನಾ ಮಾರ್ಗದರ್ಶಕನಾಗಿದ್ದೆ. ಈ ಘಟನೆಯನ್ನು ಹಲವು ಸಭೆಗಳಲ್ಲಿ ಹೇಳಿದ್ದೇನೆ. ಹೇಳಿದಷ್ಟು ಸಲವೂ ನಾನು ಸ್ವಲ್ಪ ಹೆಚ್ಚು ಜಾಣನಾಗಿದ್ದೇನೆ. ಆದ್ದರಿಂದ ಈ ಸಲ ಅಂದಿನ ಧ್ವನಿಮುದ್ರಣ ಕೇಳುತ್ತ ಬರೆಯುತ್ತಿದ್ದೇನೆ.

ನನ್ನ ವಿದ್ಯಾರ್ಥಿನಿ ಲವೀನಾ ಕುವೈತಿನಲ್ಲೇ, ಭಾರತೀಯರು ಹೆಚ್ಚಿರುವ ಅಬ್ಬಾಸಿಯಾದಲ್ಲಿ ಬೆಳೆದ ಕೊಂಕಣಿ ಹುಡುಗಿ. ಅಲ್ಲಿನ ಕೈಗಾರಿಕಾ ಪ್ರದೇಶವಾದ ಶುವೈಖ್‌ನ ಒಂದು ಗ್ಯಾರೇಜಿನಲ್ಲಿ ತುಳುವರು, ಮಲಯಾಳಿಗಳು, ಬಾಂಗ್ಲಾದವರು, ಈಜಿಪ್ಟಿನವರು ಒಂದೇ ಇಂಜಿನ್ನಿನ ಸುತ್ತ ನಿಂತಾಗ ಹೇಗೆ ಮಾತಾಡಿಕೊಳ್ಳುತ್ತಾರೆ ಎಂಬುದು ಅವಳ ಪ್ರಬಂಧದ ವಿಷಯ. ನಾಲ್ಕು ತಿಂಗಳು ಅಲ್ಲಿ ಕುಳಿತು ಒಂಬತ್ತು ಜನರ ಮಾತನ್ನು ದಾಖಲಿಸಿದ್ದಳು. ಕನ್ಸೆಂಟ್ ಫಾರ್ಮ್, ಅಂದರೆ ಒಪ್ಪಿಗೆ ಪತ್ರಕ್ಕೆ ಮೊದಲೇ ಸಹಿ ಪಡೆಯಬೇಕಿತ್ತು. ಆಮೇಲೆ ನೋಡೋಣ ಎಂದವನು ನಾನು. ಸಂಶೋಧನೆಯ ನೀತಿನಿಯಮ ನೋಡುವ ವಿಶ್ವವಿದ್ಯಾಲಯದ ಎಥಿಕ್ಸ್ ಸಮಿತಿ ಸುಮ್ಮನಿರಲಿಲ್ಲ: ಭಾನುವಾರದೊಳಗೆ ಒಪ್ಪಿಗೆ ತನ್ನಿ, ಇಲ್ಲವೇ ಎಲ್ಲವನ್ನೂ ಅಳಿಸಿ.

ಗುರುವಾರ ಮಧ್ಯಾಹ್ನ ಇಬ್ಬರೂ ಗ್ಯಾರೇಜಿಗೆ ಹೋದೆವು. ಫಾರ್ಮ್ ಕಂಡದ್ದೇ ಸ್ಪ್ಯಾನರುಗಳ ಸದ್ದು ನಿಂತಿತು. ಕಾಪು ಕಡೆಯ ಫೋರ್‌ಮನ್ ಸದಾನಂದ, ಎಣ್ಣೆ ತಾಗದಂತೆ ಹಾಳೆಯನ್ನು ಎರಡೇ ಬೆರಳಲ್ಲಿ ಹಿಡಿದರು.

"ಇದೆಂಥ ಲವೀನಾ ಬಾಯಿ, ಇಕಾಮಾ ನಂಬರ್ ಯಾಕೆ? ನಾಲ್ಕು ತಿಂಗಳು ನಮ್ಮ ಚಾ ಕುಡಿದದ್ದು ಇದಕ್ಕಾ?"

ಇಕಾಮಾ ಎಂದರೆ ವಾಸದ ಪರವಾನಗಿ. ಆ ಕಾಲಂ ಯಾವುದೋ ಹಳೆಯ ಫಾರ್ಮಿನಿಂದ ನಾನು ನಕಲು ಮಾಡಿದ್ದು.

"ಅಂಕಲ್, ಅದು ಜಸ್ಟ್ ಫಾರ್ಮಾಲಿಟಿ."

"ಹಳೇ ಕಂಪನಿಯವರೂ ಹಾಗೇ ಹೇಳಿದ್ದು. ಕಾಗದ ಅರಬ್ಬಿಯಲ್ಲಿತ್ತು, ಓದ್ಲಿಕ್ಕೆ ಬರದೆ ಸೈನ್ ಹಾಕಿದೆ. ಆಮೇಲೆ ನೋಡಿದ್ರೆ ನಾನೇ ರಾಜೀನಾಮೆ ಕೊಟ್ಟದ್ದಂತೆ! ಖಲಾಸ್."

ಯಾರೂ ನಗಲಿಲ್ಲ. ಎಂದಿನಂತೆ ಓಡುತ್ತಲೇ ಇದ್ದ ರೆಕಾರ್ಡರನ್ನು ಲವೀನಾ ಕೈಗೆತ್ತಿಕೊಂಡಳು. "ಹಾಗಾದ್ರೆ ಬೇಡ ಅಂಕಲ್. ನಿಮ್ಮ ಎದುರೇ ಡಿಲೀಟ್ ಮಾಡ್ತೇನೆ."

ಇಲ್ಲಿಂದ ಮುಂದೆ ನನ್ನ ನೆನಪು ಸುಳ್ಳು ಹೇಳುತ್ತದೆ. ಅದರ ಪ್ರಕಾರ ಹೊರಗೆ ಧೂಳಿನ ಗಾಳಿ ಎದ್ದಿತ್ತು, ಪರಿಹಾರ ನನಗೆ ಹೊಳೆಯಿತು. ಧ್ವನಿಮುದ್ರಣದಲ್ಲಿ ಗಾಳಿಯಿಲ್ಲ, ಕೂಲರಿನ ಗರಗರ ಮಾತ್ರ. ಮಾತು ಸದಾನಂದರದು:

"ನಿಲ್ಲಿ ಮಾರಾಯ್ತಿ! ಡಿಲೀಟ್ ಮಾಡ್ಲಿಕ್ಕೆ ಯಾರು ಹೇಳಿದ್ದು? ಮೊದಲು ನೀವು ಸೈನ್ ಹಾಕಿ. ನಮ್ಮನ್ನು ಕೇಳದೆ ಯಾರಿಗೂ ಕೇಳಿಸುವುದಿಲ್ಲ, ಎಲ್ಲಿಯೂ ಬರೆಯುವುದಿಲ್ಲ ಅಂತ. ಪೇಪರ್ ನಮ್ಮ ಹತ್ರ ಇರ್ಲಿ. ಪ್ರೊಫೆಸರ್ರೂ ಹಾಕ್ಬೇಕು, ಅವರಿಗೇನು ಡಿಸ್ಕೌಂಟ್ ಇಲ್ಲ."

ಆಗ ನಗು ಎದ್ದಿತು. ಅದರ ನಡುವೆ ನನ್ನ ಒಣ ದನಿ ಸ್ಪಷ್ಟವಾಗಿ ಕೇಳುತ್ತದೆ: "ಹಾಗೆ ನಿಯಮದಲ್ಲಿ ಇಲ್ಲವಲ್ಲ."

ಲವೀನಾ ನನ್ನ ನಿಯಮಕ್ಕೆ ಕಾಯಲಿಲ್ಲ. ಮರುದಿನ ಶುಕ್ರವಾರದ ರಜೆಯಲ್ಲಿ ಸದಾನಂದರು ಕೇಳಿದ ಮಾತನ್ನೇ ಅವರವರು ಓದಬಲ್ಲ ಭಾಷೆಯಲ್ಲಿ ಒಂಬತ್ತು ಕಾಗದಗಳಲ್ಲಿ ಬರೆಸಿದಳು. ಅವಳೂ ನಾನೂ ಸಹಿ ಹಾಕಿದೆವು. ಓದಿ ನೋಡಿದ ಮೇಲೆ ಎಂಟು ಮಂದಿ, ಇಕಾಮಾ ನಂಬರಿಲ್ಲದೆ, ಸಮಿತಿಗೆ ಕೇಳಿಸಲೆಂದು ರೆಕಾರ್ಡರಿನಲ್ಲೇ ಒಪ್ಪಿಗೆ ಹೇಳಿದರು. ಒಬ್ಬರು ಬೇಡವೆಂದರು. ಅವರ ಮಾತನ್ನು ಅವರೆದುರೇ ಅಳಿಸಿದೆವು.

ಭಾನುವಾರ ಸಮಿತಿಯ ಅಧ್ಯಕ್ಷೆ ಆ ಎಂಟು ದನಿಗಳನ್ನು ಕೇಳಿದರು. "ಒಬ್ಬರಿಗೆ ಬೇಡ ಎನ್ನಲು ಧೈರ್ಯ ಬಂದಿದೆ. ಹಾಗಾದರೆ ಉಳಿದವರ ಒಪ್ಪಿಗೆ ನಿಜವಾದದ್ದು," ಎಂದು ಅನುಮತಿ ಕೊಟ್ಟರು. ಕಳೆದ ವರ್ಷ ಲವೀನಾಳ ಪ್ರಬಂಧ ಮುಗಿಯಿತು.

ಒಪ್ಪಿಗೆ ಕೇಳುವವನು ಮೊದಲು ತಾನು ಮಾತು ಕೊಟ್ಟು ಸಿಕ್ಕಿಹಾಕಿಕೊಳ್ಳಬೇಕು; ನನ್ನ ವೃತ್ತಿ ಇದನ್ನು ನನಗೆ ತಡವಾಗಿ ಕಲಿಸಿತು. ಹಾಗೆ ಸಿಕ್ಕಿಹಾಕಿಕೊಂಡವನಾದ್ದರಿಂದ, ಇದನ್ನು ಬರೆಯುವ ಮೊದಲು ಸದಾನಂದರಿಗೆ ಫೋನ್ ಮಾಡಿದೆ. ಆ ಕಾಗದ ಇನ್ನೂ ಇದೆಯೇ ಎಂದೆ.

"ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೇನೆ ಸಾರ್. ಬರೀರಿ, ಅಡ್ಡಿಲ್ಲ. ಹೆಸರು ಮಾತ್ರ ಬದಲಿಸಿ. ಮತ್ತೆ, ಐಡಿಯಾ ಯಾರದ್ದು ಅಂತ ಈ ಸಲವಾದ್ರೂ ಸರಿಯಾಗಿ ಬರೀರಿ."