ಪ್ರಶ್ನೆ ಬೋರ್ಡಿನಲ್ಲಿ

ಮೊನ್ನೆ ಹಿತ್ತಿಲಿನ ತೊಂಡೆ ಚಪ್ಪರ ಸರಿಮಾಡುವಾಗ ಒಂದು ಹಿಡಿ ಎಲೆ ಅಂಗೈಯಲ್ಲಿ ಸಿಕ್ಕಿ ಜಜ್ಜಿಹೋಯಿತು. ಆ ಹಸಿ ವಾಸನೆಗೆ ಸಭ್ಯ ಮನುಷ್ಯರಿಗಾದರೆ ತೊಂಡೆಕಾಯಿ ಪಲ್ಯ ನೆನಪಾಗಬೇಕು. ನನಗೆ ನೆನಪಾದದ್ದು ಒಂದು ಕರಿಹಲಗೆ, ಮತ್ತು ಅದರ ಮುಂದೆ ನಮಗೆ ಬೆನ್ನು ಹಾಕಿ ನಿಂತ ಲೆಕ್ಕದ ಮಾಸ್ಟ್ರು…

ಅರುವತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎ. ಪರೀಕ್ಷೆ ಬರೆದು, ಫಲಿತಾಂಶ ಬರುವವರೆಗೆ ಬುದ್ಧಿವಂತನೆಂದು ಹೇಳಿಕೊಂಡು ತಿರುಗಬಹುದಾದ ಸುಖದ ಅವಧಿಯಲ್ಲಿದ್ದೆ. ಮಂಗಳೂರಿನ ಒಂದು ಶಾಲೆಯವರು ಎಸ್ಸೆಸ್ಸೆಲ್ಸಿಗೆ ಕಾಲಿಡಲಿದ್ದ ಹುಡುಗರಿಗೆ ಬೇಸಗೆ ರಜೆಯಲ್ಲಿ ಅಭ್ಯಾಸ ಶಿಬಿರ ನಡೆಸುತ್ತಿದ್ದರು. ಊಟ, ನಿದ್ದೆ, ಲೆಕ್ಕ, ಇಂಗ್ಲಿಷ್ ಎಲ್ಲ ಅಲ್ಲೇ. ಅಲ್ಲಿಗೆ ನನ್ನನ್ನು 'ಶಿಬಿರ ಸಲಹೆಗಾರ'ನೆಂದು ನೇಮಿಸಿದರು. ಹುದ್ದೆಯ ಹೆಸರು ಕೇಳಿ ಮನೆಯವರು ಒಂದು ಇಡೀ ದಿನ ನನ್ನನ್ನು ಗೌರವದಿಂದ ಕಂಡರು. ಕೆಲಸವೆಂದರೆ, ಬೆಂಚು ಜೋಡಿಸಿ ಮಲಗಿದ ಹುಡುಗರನ್ನು ಬೆಳಿಗ್ಗೆ ಎಬ್ಬಿಸುವುದು, ಬಾವಿಕಟ್ಟೆಯ ಜಗಳ ಬಿಡಿಸುವುದು, ಶಿಬಿರಕ್ಕೂ ಪಕ್ಕದ ಮನೆಯ ಮಾವಿನಮರಕ್ಕೂ ನಡುವೆ ಶಾಂತಿ ಕಾಪಾಡುವುದು. ಸಲಹೆಯನ್ನು ಯಾರೂ ಕೇಳಲಿಲ್ಲ.

ಶಿಬಿರದ ಯಜಮಾನಿಕೆ ಲೆಕ್ಕದ ಮಾಸ್ಟ್ರದು. ಬಜಪೆ ಕಡೆಯ ಕೊಂಕಣಿ ಕ್ರೈಸ್ತರು. ನಿವೃತ್ತಿಗೆ ಇನ್ನೂ ಕೆಲವು ವರ್ಷ ಇತ್ತು. ಮಗಳು ಆಗಷ್ಟೇ ನರ್ಸಿಂಗ್ ಕಲಿಯಲು ಸೇರಿದ್ದಳು. ಅವರ ತರಗತಿಗೆ ಒಂದು ಕಟ್ಟಳೆ ಇತ್ತು. ಬಾಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರವಿಲ್ಲ. ಸಂಶಯ ಬಂದವನು ಎದ್ದು ಹೋಗಿ ಬೋರ್ಡಿನಲ್ಲಿ ಬರೆಯಬೇಕು.

"ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗ್ತದೆ ಮಾರಾಯ. ಬರಿ. ಬರೆಯುವಾಗಲೇ ಅರ್ಧ ಸಂಶಯ ಸಾಯ್ತದೆ."

ಸಾಯುತ್ತಿತ್ತು ಕೂಡ. ಇದೊಂದು ಉನ್ನತ ಶಿಕ್ಷಣ ತತ್ವವೆಂದು ನಾವೆಲ್ಲ ನಂಬಿದ್ದೆವು. ಅದರ ಮೇಲೊಂದು ಪ್ರಬಂಧ ಬರೆದು ಜಗತ್ತನ್ನು ತಿದ್ದುವ ಯೋಚನೆಯೂ ನನಗಿತ್ತು.

ಒಂದು ಮಧ್ಯಾಹ್ನ ತರಗತಿ ನಡೆಯುತ್ತಿದ್ದಾಗ, ತೆಂಗಿನ ಮರದ ಒಣಗಿದ ಮಡಲೊಂದು ಕಾಯಿ ಸಮೇತ ಜಗಲಿಯ ಹಂಚಿನ ಮೇಲೆ ಬಿತ್ತು. ಫಿರಂಗಿ ಹಾರಿಸಿದಂಥ ಸದ್ದು. ಹುಡುಗರು ಬೆಂಚಿನ ಕೆಳಗೆ ನುಗ್ಗಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಸಲಹೆಗಾರನೂ ನುಗ್ಗಿದ. ಮಾಸ್ಟ್ರು ಮಾತ್ರ ಬೋರ್ಡಿಗೆ ಮುಖ ಮಾಡಿ ತ್ರಿಭುಜದ ಮೂರನೆಯ ಗೆರೆ ಎಳೆಯುತ್ತಲೇ ಇದ್ದರು. ಗೆರೆ ಎಲ್ಲಿಯೂ ನಡುಗಲಿಲ್ಲ.

ಬೆಂಚಿನ ಕೆಳಗೆ ನನ್ನ ಪಕ್ಕಕ್ಕೆ ಬಂದು ಬಿದ್ದವನು ಕುದ್ರೋಳಿಯ ಹಗ್ಗದ ವ್ಯಾಪಾರಿಯೊಬ್ಬರ ಮಗ, ಬ್ಯಾರಿ ಹುಡುಗ, ಶಿಬಿರದ ಸಮಸ್ತ ತಂಟೆಗಳ ಮೂಲಪುರುಷ.

"ಸಾರ್, ಮಾಸ್ಟ್ರಿಗೆ ಕಿವಿ ಕೇಳುದಿಲ್ಲ ಅಲ್ವಾ?" ಎಂದು ಪಿಸುಗುಟ್ಟಿದ.

"ಸುಮ್ಮನಿರು. ಅದು ಏಕಾಗ್ರತೆ."

"ನಮ್ಮ ಅಜ್ಜನಿಗೂ ಇದೇ ಏಕಾಗ್ರತೆ ಉಂಟು ಸಾರ್. ಯಾರಾದ್ರೂ ಬಂದು ದಾರಿ ಕೇಳಿದ್ರೂ ಹಗ್ಗ ಅಳೆದು ಕೊಡ್ತಾರೆ."

ನನ್ನ ಪ್ರಬಂಧ ಅಲ್ಲಿಗೆ ಮುಗಿಯಿತು. ಎದುರು ನಿಂತು ಮಾತಾಡಿದರೆ ಮಾಸ್ಟ್ರು ತುಟಿ ನೋಡಿ ಹೇಗೋ ಸುಧಾರಿಸುತ್ತಿದ್ದರು. ಬೆನ್ನ ಹಿಂದಿನ ಲೋಕ ಅವರ ಪಾಲಿಗೆ ಮುಚ್ಚಿಹೋಗಿತ್ತು. ಶಾಲೆಯ ಸಂಚಾಲಕರಿಗೆ ಇದು ತಿಳಿದರೆ ಕೆಲಸ ಹೋದಂತೆಯೇ. ಕಣ್ಣು ಮಂಜಾದ ಡ್ರಾಯಿಂಗ್ ಮಾಸ್ಟ್ರನ್ನು ಅವರು ಹಿಂದಿನ ವರ್ಷವಷ್ಟೇ ಹಾರ ಹಾಕಿ, ಗುಣಗಾನ ಮಾಡಿ, ಅವಧಿಗೆ ಮುಂಚೆ ಮನೆಗೆ ಕಳುಹಿಸಿದ್ದರು.

ಶಿಬಿರ ಮುಗಿಯುವ ವಾರ ಸಂಚಾಲಕರು ತಪಾಸಣೆಗೆ ಬಂದರು. ಹಿಂದಿನ ಬಾಗಿಲಿನಿಂದ ಬಂದರು. ತಪಾಸಣೆ ಎಂದರೆ ಹಾಗೆಯೇ ಬರುವುದೆಂದು ಅವರ ನಂಬಿಕೆ. ಮಾಸ್ಟ್ರು ಬೋರ್ಡಿನಲ್ಲಿ ಮುಳುಗಿದ್ದರು.

"ಮಾಸ್ಟ್ರೇ, ಇಷ್ಟು ದಿನ ಇವರಿಗೆ ಎಂತ ಕಲಿಸಿದ್ದೀರಿ?"

ಸೀಮೆಸುಣ್ಣ ಓಡುತ್ತಲೇ ಇತ್ತು.

"ನಿಮ್ಮನ್ನೇ ಕೇಳ್ತಾ ಇರುವುದು!" ಸಂಚಾಲಕರ ಮುಖ ಕೆಂಪಾಯಿತು. ಸಲಹೆಗಾರನ ಬಳಿ ಯಾವ ಸಲಹೆಯೂ ಇರಲಿಲ್ಲ.

ಕುದ್ರೋಳಿಯವನು ಎದ್ದು ನಿಂತ. "ಸಾರ್, ಇಲ್ಲಿ ಬಾಯಲ್ಲಿ ಕೇಳ್ಲಿಕ್ಕಿಲ್ಲ. ಬೋರ್ಡಿನಲ್ಲಿ ಬರೀಬೇಕು."

"ನಾನು ಸಂಚಾಲಕ ಮಾರಾಯ!"

"ಯಾರೇ ಆದ್ರೂ ಬರೀಬೇಕು ಸಾರ್. ರೂಲ್ ಉಂಟು." ಹೀಗೆಂದು ಮುಂದೆ ಹೋಗಿ ಸೀಮೆಸುಣ್ಣದ ತುಂಡು ತಂದು ಅವರ ಕೈಯಲ್ಲಿಟ್ಟ.

ಸಂಚಾಲಕರು ಹುಡುಗನನ್ನು ನೋಡಿದರು, ಸೀಮೆಸುಣ್ಣವನ್ನು ನೋಡಿದರು. ಕೋಪಕ್ಕೂ ರೂಲ್ ಎಂಬ ಶಬ್ದದ ಮೇಲಿನ ಭಕ್ತಿಗೂ ಅವರೊಳಗೆ ಸ್ವಲ್ಪ ಹೊತ್ತು ಯುದ್ಧವಾಗಿ, ಭಕ್ತಿ ಗೆದ್ದಿತು. ಹೋಗಿ ಬರೆದರು. ಪಕ್ಕದಲ್ಲಿ ಇನ್ನೊಂದು ಕೈ ಕಂಡು ಮಾಸ್ಟ್ರು ಬೆಚ್ಚಿ ತಿರುಗಿದರು; ಪ್ರಶ್ನೆ ಓದಿದರು; ತಲೆಬಾಗಿ ನಮಸ್ಕರಿಸಿ ಉತ್ತರ ಶುರುಮಾಡಿದರು. ಅದು ಎಷ್ಟು ವಿಸ್ತಾರವಾಗಿತ್ತೆಂದರೆ ಸಂಚಾಲಕರು ಹುಡುಗರ ನಡುವೆ ಜಾಗ ಮಾಡಿಕೊಂಡು ಕೂರಬೇಕಾಯಿತು. ಹೊರಡುವಾಗ, ಜೂನಿನಿಂದ ಇಡೀ ಶಾಲೆಯಲ್ಲಿ ಇದೇ ಪದ್ಧತಿ ಎಂದು ಅಪ್ಪಣೆ ಮಾಡಿ ಹೋದರು.

ಮರುದಿನ ಆ ಹುಡುಗನಿಗೆ ಅಧಿಕಪ್ರಸಂಗಕ್ಕಾಗಿ ಶಿಕ್ಷೆಯಾಯಿತು. ನಡೆದದ್ದನ್ನು ಮಾಸ್ಟ್ರು ಹೇಗೋ ಊಹಿಸಿದ್ದರು. ಶಿಕ್ಷೆ ಎಂದರೆ, ಮಾಸಿದ ಬೋರ್ಡಿಗೆ ಕರಿ ಬಳಿಯುವುದು. ಸುಟ್ಟ ತೆಂಗಿನ ಗೆರಟೆಯ ಮಸಿಯನ್ನು ತೊಂಡೆ ಎಲೆಯೊಂದಿಗೆ ಅರೆದು ಹಲಗೆಗೆ ಉಜ್ಜುತ್ತಿದ್ದ ಕಾಲ ಅದು. ನಾನು ಜಗಲಿಗೆ ಹೋಗಿ ನೋಡಿದರೆ, ಶಿಕ್ಷೆ ಕೊಟ್ಟವರೂ ನೆಲದ ಮೇಲೆ ಕೂತು ಎಲೆ ಅರೆಯುತ್ತಿದ್ದರು. ಇಬ್ಬರ ಕೈಯೂ ಮೊಣಕೈವರೆಗೆ ಕಪ್ಪು.

ಮಾಸ್ಟ್ರು ತಲೆಯೆತ್ತಿ ನನ್ನನ್ನು ನೋಡಿದರು. "ನಿನಗೂ ಗೊತ್ತುಂಟಾ?"

ಬಾಯಲ್ಲೇ ಹೇಳಬಹುದಿತ್ತು, ಎದುರೇ ಇದ್ದೆ. ಆದರೆ ಬೋರ್ಡಿನ ಕರಿ ತಾಗದ ಮೂಲೆಯಲ್ಲಿ ಬರೆದೆ: 'ಎಂತದು ಸಾರ್?'

ಅವರು ಅದನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಓದಿದರು. ಆಮೇಲೆ ಅಂಗೈಯಿಂದ ಒರೆಸಿಬಿಟ್ಟರು. "ಅಕ್ಷರ ಸರಿ ಮಾಡು ಮಾರಾಯ. ಕಾಗೆ ಕಾಲು ಗುಬ್ಬಿ ಕಾಲು."

ಅವರು ಅವಧಿ ಮುಗಿಸಿಯೇ ನಿವೃತ್ತರಾದರು. ಮಗಳು ನರ್ಸ್ ಆದಳು. ಬಹಳ ವರ್ಷಗಳ ನಂತರ ನಾನೊಮ್ಮೆ ಬಜಪೆಯ ಅವರ ಮನೆಗೆ ಹೋದಾಗ ಕಣ್ಣೂ ಹೋಗಿತ್ತು. ಬೋರ್ಡಿನ ಉಪಾಯಕ್ಕೂ ಒಂದು ಕೊನೆ ಇದೆ ಎಂದು ನಾನು ಅಂದುಕೊಂಡಿರಲಿಲ್ಲ… ಮಗಳೇ ದಾರಿ ತೋರಿಸಿದಳು: "ಕೈಯಲ್ಲಿ ಬರೀರಿ. ಪಪ್ಪನಿಗೆ ಗೊತ್ತಾಗ್ತದೆ."

ಅವರ ಅಂಗೈಯಲ್ಲಿ ಬೆರಳಿನಿಂದ, ಒಂದೊಂದೇ ಅಕ್ಷರವಾಗಿ, 'ಸಲಹೆಗಾರ' ಎಂದು ಬರೆದೆ. ಮಾಸ್ಟ್ರು ನನ್ನ ಬೆರಳನ್ನು ಹಿಡಿದುಕೊಂಡು ಹೇಳಿದರು:

"ಅಕ್ಷರ ಇನ್ನೂ ಸರಿ ಆಗ್ಲಿಲ್ಲ ಅಲ್ವಾ ಮಾರಾಯ."

ಅವರು ಹೋದ ಸುದ್ದಿ ನನಗೆ ತಲುಪುವಾಗ ಮಣ್ಣೂ ಆಗಿತ್ತು. ಕುದ್ರೋಳಿಯವನು ಎಲ್ಲಿದ್ದಾನೋ ತಿಳಿಯದು. ಹಲಗೆಗಳು ಈಗ ಬೆಳ್ಳಗಿವೆ, ತೊಂಡೆ ಎಲೆ ಯಾರಿಗೂ ಬೇಡ.

ಚಪ್ಪರವನ್ನು ಅರ್ಧಕ್ಕೆ ಬಿಟ್ಟು, ಹಸಿರಾದ ಕೈ ತೊಳೆದು, ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಬಾಯಲ್ಲೇ ಹೇಳಬಹುದಿತ್ತು, ಮನೆಯಲ್ಲಿ ಜನ ಇದ್ದಾರೆ, ಅವರ ಕಿವಿಗಳೂ ಚೆನ್ನಾಗಿವೆ. ತಿರುಗಿ ನಿಂತು ಓದಬೇಕಾದವರು ಮಾತ್ರ ಇಲ್ಲ. ಆದರೂ ಬರೆಯಬೇಕು. ರೂಲ್ ಉಂಟು.